ಅರ್ಧಕ್ಕೆ ನಿಂತ ಸ್ವೆಟರು

ಮಾನ್ಯರೇ,

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮೊದಲು ಮೂಲೆ ಸೇರುವುದು ಹೆಣಿಗೆಯ ಚೀಲ. ಅದೂ ಮಳೆಗಾಲದಲ್ಲಾದರೆ, ಕಕ್ಕಡ (ಕೊಡಗಿನ ಜಡಿಮಳೆಯ ತಿಂಗಳು) ಕಳೆದು ಚೀಲ ಬಿಚ್ಚುವಷ್ಟರಲ್ಲಿ ಉಲ್ಲನ್ನಿಗೆ ಬೂಷ್ಟಿನ ವಾಸನೆ; ಕಬ್ಬಿಣದ ಕಡ್ಡಿಯಾಗಿದ್ದರೆ ಕುಣಿಕೆಗಳ ಮೇಲೆ ತುಕ್ಕಿನ ಗೆರೆ, ಒಗೆದರೂ ಹೋಗದು.

ನಿಲ್ಲಿಸುವುದಾದರೆ ಸಾಲು ಮುಗಿಸಿ ನಿಲ್ಲಿಸಿ, ಕಡ್ಡಿಯಿಂದ ಬಿಡಿಸಿಡಿ. ಮೊಂಡು ಸೂಜಿಗೆ ಬಿಳಿ ಹತ್ತಿ ದಾರ ಪೋಣಿಸಿ ಎಲ್ಲ ಕುಣಿಕೆಗಳೊಳಗೆ ಹಾಯಿಸಿ. ದಾರ ಹೆಣಿಗೆಯ ಅಗಲದ ಎರಡರಷ್ಟು ಉದ್ದವಿರಲಿ, ತುದಿಗಳನ್ನು ಸಡಿಲವಾಗಿ ಗಂಟು ಹಾಕಿ. ಉಲ್ಲನ್ ದಾರ ಬೇಡ, ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಕೆಂಪು ದಾರ ತೇವಕ್ಕೆ ಬಣ್ಣ ಬಿಡಬಹುದು. ಜೊತೆಗೊಂದು ಚೀಟಿ: ಕಡ್ಡಿಯ ನಂಬರ್, ಎಷ್ಟನೇ ಸಾಲು, ಮುಂದಿನದು ಸೀದಾ ಹೆಣಿಗೆಯೋ ಉಲ್ಟಾ ಹೆಣಿಗೆಯೋ. ನಿದ್ದೆಗೆಟ್ಟ ಮೂರನೇ ವಾರದಲ್ಲಿ ಇದ್ಯಾವುದೂ ನೆನಪಿರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಒಳಗೇ ಉಳಿಯುತ್ತದೆ, ಬಟ್ಟೆಯ ಚೀಲವೇ ಸರಿ. ಬಿಸಿಲು ಬಿದ್ದ ದಿನ ಹೊರಗೆ ಹರವಿ. ಒಲೆಯ ಮೇಲೆ ಕಟ್ಟಿದರೆ ಒಣಗುತ್ತದೆ, ನಿಜ, ಆದರೆ ಹೊಗೆಯ ವಾಸನೆ ಸ್ವೆಟರಿನ ಜೊತೆಗೇ ಬರುತ್ತದೆ.

ಹೆಣೆಯುತ್ತಲೇ ಇರುವವರಿಗೆ ತೊಂದರೆ ಕೊಡುವುದು ಕೈಯ ಬಿಗಿ. ಮನಸ್ಸು ಬಿಗಿಯಾದಾಗ ಬೆರಳು ನೂಲನ್ನು ಗೊತ್ತಿಲ್ಲದೆಯೇ ಎಳೆಯುತ್ತದೆ. ಡಬಲ್ ನಿಟಿಂಗ್ ಎಂಬ ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ 8 ನಂಬರ್ ಕಡ್ಡಿಗೆ, ಅಂದರೆ 4 ಮಿ.ಮೀ.ಗೆ, 10 ಸೆಂ.ಮೀ.ಗೆ ಸುಮಾರು 22 ಕುಣಿಕೆ. ಅದು 24 ಆದರೆ ಮುಂಭಾಗ ಹಿಂಭಾಗ ಸೇರಿ 220 ಕುಣಿಕೆಯ ಸ್ವೆಟರಿನ ಎದೆಸುತ್ತಳತೆ 100ರಿಂದ 92 ಸೆಂ.ಮೀ.ಗೆ ಇಳಿಯುತ್ತದೆ. ಹಿಂಭಾಗ ಒಳ್ಳೆಯ ದಿನಗಳದ್ದು, ಮುಂಭಾಗ ಆಸ್ಪತ್ರೆಯದ್ದು ಆದರೆ ಎರಡೂ ಜೋಡಿಯಾಗುವುದೇ ಇಲ್ಲ. ಬಿಚ್ಚುವ ಮೊದಲು ಟೇಪು ಹಿಡಿದು ಅಳೆಯಿರಿ, ಮುಂದಿನ ಸಾಲುಗಳಿಗೆ 7 ನಂಬರ್ ಕಡ್ಡಿ (4.5 ಮಿ.ಮೀ.) ಹಿಡಿದು ಇನ್ನೊಮ್ಮೆ ಅಳೆದು ನೋಡಿ. ಕಂಕುಳ ಇಳಿಕೆ, ಕತ್ತಿನ ತಿರುವು, ಜಡೆ ಡಿಸೈನ್‌ಗಳನ್ನಂತೂ ಈ ದಿನಗಳಲ್ಲಿ ಮುಟ್ಟದಿರುವುದೇ ವಾಸಿ.

ಆಸ್ಪತ್ರೆಯ ಬೆಂಚಿಗೆ ಮಫ್ಲರ್ ಸಾಕು. 8 ನಂಬರ್ ಕಡ್ಡಿಗೇ 40 ಕುಣಿಕೆ ಹಾಕಿ ಎಲ್ಲ ಸಾಲನ್ನೂ ಸೀದಾ ಹೆಣೆಯುತ್ತ ಹೋದರೆ ಸುಮಾರು 20 ಸೆಂ.ಮೀ. ಅಗಲ ಬರುತ್ತದೆ, ಒಂದೂವರೆ ಮೀಟರಿಗೆ 200 ಗ್ರಾಂ ಕೊಂಡಿಟ್ಟರೆ ಧೈರ್ಯ. ಎರಡು ಸಾಲಿಗೊಂದು ಏಣು ಮೂಡುವುದರಿಂದ ಡಾಕ್ಟರ್ ಕರೆದರೆಂದು ಎದ್ದು ಹೋದರೂ ಲೆಕ್ಕ ತಪ್ಪುವುದಿಲ್ಲ. ಉದ್ದ ಕಡ್ಡಿ ಪಕ್ಕದವರ ಮೊಣಕೈಗೆ ತಾಗುತ್ತದೆ, ಜಾರಿ ಬೆಂಚಿನಡಿ ಸೇರುತ್ತದೆ. ವಯರಿನಿಂದ ಜೋಡಿಸಿದ 60 ಸೆಂ.ಮೀ. ಸರ್ಕ್ಯುಲರ್ ಕಡ್ಡಿಗೆ ಈ ಕಾಟವಿಲ್ಲ.

ರೋಗಿಗಾಗಿಯೇ ಹೆಣೆಯುವುದಾದರೆ ತಲೆಯಿಂದ ಹಾಕುವ ಸ್ವೆಟರ್ ಬೇಡ, ಮುಂದೆ ಬಟನ್ ಇರಲಿ. ಡ್ರಿಪ್ ಹಾಕಿದ ಕೈಯನ್ನು ಬಿಗಿ ತೋಳಿನೊಳಗೆ ತೂರಿಸುವ ಪಾಡು ನೋಡಿದವರಿಗೇ ಗೊತ್ತು. ಕೂದಲು ಉದುರಿದ ತಲೆಗೆ ಚುಚ್ಚುವ ಉಣ್ಣೆ ಬೇಡವೇ ಬೇಡ. ಹತ್ತಿ ನೂಲಿನ ಟೋಪಿ ಹಿತ.

ಇನ್ನು ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಉಲ್ಲನ್ ಅಂಗಡಿಯವರಲ್ಲಿ ಒಂದು ಕೋರಿಕೆ. ಬಿಡಿ ಉಂಡೆ ಮಾರುವಾಗ ಲಾಟ್ ನಂಬರಿನ (ಒಂದೇ ಸಲ ಬಣ್ಣ ಹಾಕಿದ ಉಂಡೆಗಳ ಗುರುತು) ಕಾಗದದ ಪಟ್ಟಿಯನ್ನು ಕಿತ್ತುಹಾಕಬೇಡಿ. ಕಾಯಿಲೆಯ ಮನೆಯವರು ಉಳಿದ ಎರಡು ಉಂಡೆಗೆ ಬರುವುದು ನಾಲ್ಕು ತಿಂಗಳ ಮೇಲೆ. ಮುಂಗಡ ಕೊಟ್ಟವರ ಉಂಡೆಗಳನ್ನಾದರೂ ಎತ್ತಿಟ್ಟಿರಿ. ಅದೇ ಲಾಟ್ ಸಿಗದಿದ್ದರೆ ಹೆಣೆಯುವವರಿಗೆ ಉಳಿಯುವ ದಾರಿ ಒಂದೇ: ಹಳೆಯ ಉಂಡೆಯಲ್ಲಿ ಎರಡು ಸಾಲು, ಹೊಸದರಲ್ಲಿ ಎರಡು ಸಾಲು ಎಂದು ಬೆರೆಸುತ್ತ ಹೋಗುವುದು. ಒಮ್ಮೆಲೇ ಬದಲಾಯಿಸಿದರೆ ಬಿಳಿ ಉಲ್ಲನ್ನಿನಲ್ಲೂ ಗೆರೆ ಕಾಣುತ್ತದೆ.

– ಓದುಗರು, ಮಡಿಕೇರಿ