ಮಗಳಿಗೊಂದು ಪತ್ರ: ಹಾಡಲು ಬರದಿದ್ದರೇನಂತೆ

ಪುಟ್ಟಿ,

"ಕಲ್ಚರಲ್ ಆಕ್ಟಿವಿಟಿ ಎಲ್ಲ ಹಾಡೋರಿಗೆ, ಕುಣಿಯೋರಿಗೆ. ಕಂಪ್ಯೂಟರ್ ಸೈನ್ಸಿನವಳಿಗೆ ಅಲ್ಲೇನಮ್ಮ ಕೆಲಸ" ಅಂತ ಕೇಳಿದೆಯಲ್ಲ, ಇದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಅರ್ಧದಲ್ಲೇ "ಆಯ್ತಮ್ಮ, ಆಮೇಲೆ ಮಾಡ್ತೀನಿ" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇದೆ. ತುಂಬಾ ಇದೆ. ವೇದಿಕೆಯ ಮೇಲೆ ಆರು ಜನ ಕಾಣುವ ನಾಟಕಕ್ಕೆ ಹಿಂದೆ ಹತ್ತು ಹನ್ನೆರಡು ಜನ ಬೇಕಾಗುತ್ತಾರೆ. ಸೆಟ್, ಮೇಕಪ್, ಕಾಸ್ಟ್ಯೂಮ್, ಸೌಂಡು, ಲೈಟು, ಪರದೆ ಎಳೆಯುವವರು, ಮರೆತ ಮಾತನ್ನು ಸೈಡ್‌ವಿಂಗಿನಿಂದ ಪಿಸುಗುಟ್ಟುವವರು. ಬಹಳಷ್ಟು ಯೂನಿವರ್ಸಿಟಿಗಳ ನಾಟಕ ತಂಡಗಳಿಗೆ ಇದೇ ಕಷ್ಟ. ಪಾತ್ರಕ್ಕೆ ನೂಕುನುಗ್ಗಲು, ಬ್ಯಾಕ್‌ಸ್ಟೇಜಿಗೆ ಜನವೇ ಇಲ್ಲ.

ನಾನು ಓದಿದ್ದು ಕೆಮಿಸ್ಟ್ರಿ ಅಲ್ವಾ, ಆದರೆ ಎಂಎಸ್ಸಿಯ ಎರಡು ವರ್ಷ ಸಂಜೆ ಹೊತ್ತು ಮಾಡಿದ್ದು ಲೈಟಿಂಗು. ಎದುರಿನಿಂದ ಒಂದೇ ದೀಪ ಬಿಟ್ಟರೆ ನಟನ ಮುಖ ಚಪ್ಪಟೆಯಾಗಿ ಕಾಣುತ್ತದೆ, ಮೂಗು ಎಲ್ಲಿ ಕಣ್ಣು ಎಲ್ಲಿ ಗೊತ್ತಾಗುವುದಿಲ್ಲ. ಎಡಬಲದಿಂದ, ಮೇಲಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಎರಡು ದೀಪ ಬಿಟ್ಟು, ಒಂದಕ್ಕೆ ಹಳದಿ ಕಡೆಯ ಜೆಲ್ (ದೀಪದ ಮುಂದೆ ಇಡುವ ಬಣ್ಣದ ತೆಳು ಹಾಳೆ), ಇನ್ನೊಂದಕ್ಕೆ ತಿಳಿನೀಲಿ ಜೆಲ್ ಹಾಕಿ ನೋಡು, ಅದೇ ಮುಖಕ್ಕೆ ಉಬ್ಬುತಗ್ಗು ಬಂದು ಮನುಷ್ಯ ಕಾಣಿಸುತ್ತಾನೆ. ಇದನ್ನು ಒಂದು ಕ್ರಮಕ್ಕೆ ತಂದು ಕಲಿಸಿದವರು ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್, 1920ರ ದಶಕದಲ್ಲಿ ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿ ಪಾಠ ಶುರು ಮಾಡಿದವರು. ಅವರು ಓದಿದ್ದೂ ನಾಟಕವಲ್ಲ, ಆರ್ಕಿಟೆಕ್ಚರ್.

ನಮ್ಮ ಕಾಲದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರಿನ ಹಿಡಿಯನ್ನು ಕೈಯಲ್ಲೇ ಇಳಿಸಬೇಕಿತ್ತು. ಈಗ ಅದೆಲ್ಲ ನಿನ್ನ ಸೀಮೆಗೆ ಬಂದಿದೆ. ದೀಪಗಳಿಗೆ ಡಿಜಿಟಲ್ ಆಗಿ ಆಜ್ಞೆ ಕಳಿಸಲು ಡಿಎಂಎಕ್ಸ್ 512 ಅಂತ ಒಂದು ಸ್ಟ್ಯಾಂಡರ್ಡ್ ಇದೆ, 1986ರದ್ದು, ಇವತ್ತಿಗೂ ಅದೇ ಓಡುತ್ತಿದೆ. ಒಂದು ಕೇಬಲಿನಲ್ಲಿ 512 ಚಾನೆಲ್, ಪ್ರತಿ ಚಾನೆಲ್ಲಿಗೆ 0ಯಿಂದ 255ರವರೆಗೆ, ಬೆಳಕು ಎಷ್ಟಿರಬೇಕು ಅಂತ ಹೇಳುವ ಒಂದು ಅಂಕಿ. 255 ಯಾಕೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಸೂರ್ಯ ಮುಳುಗುವುದನ್ನು ತೋರಿಸಲು ಆ 255ನ್ನು ಸೊನ್ನೆಗೆ ಇಳಿಸಲು ಎಂಟು ಸೆಕೆಂಡು ತಗೋಬೇಕೋ ಇಪ್ಪತ್ತೋ, ನಟಿ ಕೊನೆಯ ಮಾತು ಮುಗಿಸುವ ಮೊದಲೇ ಶುರು ಮಾಡಬೇಕೋ ಮುಗಿಸಿದ ಮೇಲೋ, ಇದಕ್ಕೆ ಯಾವ ಮ್ಯಾನ್ಯುಯಲ್ಲಿನಲ್ಲೂ ಉತ್ತರ ಇಲ್ಲ. ಕತ್ತಲೆಯಲ್ಲಿ ಕೂತು ಮತ್ತೆ ಮತ್ತೆ ನೋಡಬೇಕು, ನಿರ್ದೇಶಕರ ಜೊತೆ ಜಗಳ ಆಡಬೇಕು, ಕೊನೆಗೆ ಹನ್ನೊಂದು ಸೆಕೆಂಡು ಅಂತ ಕ್ಯೂ ಶೀಟಿನಲ್ಲಿ (ಯಾವಾಗ ಯಾವ ದೀಪ ಅನ್ನುವ ಪಟ್ಟಿ) ಬರೆದುಕೊಳ್ಳಬೇಕು. ಮರುದಿನ ಅದನ್ನೂ ಅಳಿಸಬೇಕು. ನಾನು ನಿನ್ನನ್ನು ಅಲ್ಲಿಗೆ ಹೋಗು ಅನ್ನುತ್ತಿರುವುದು ಇದಕ್ಕೇ. ನಿನ್ನ ಕ್ಲಾಸಿನಲ್ಲಿ ಎಲ್ಲದಕ್ಕೂ ಒಂದು ಸರಿ ಉತ್ತರ ಇರುತ್ತದೆ, ಅದಕ್ಕೆ ಮಾರ್ಕ್ಸೂ ಇರುತ್ತದೆ. ಇಲ್ಲಿ ಮಾರ್ಕ್ಸ್ ಇಲ್ಲ, ಅಟೆಂಡೆನ್ಸ್ ಇಲ್ಲ, ಆದರೂ ಯಾರೂ ತಡವಾಗಿ ಬರುವುದಿಲ್ಲ, ಯಾಕೆಂದರೆ ಒಬ್ಬಳು ಬರದಿದ್ದರೆ ಉಳಿದವರ ರಿಹರ್ಸಲ್ ನಿಲ್ಲುತ್ತದೆ.

ಬೇರೆ ವಿಷಯ ಓದುವವರು ಇದಕ್ಕೆ ಹೊರಗಿನವರು ಅಂದುಕೊಳ್ಳಬೇಡ. ಕೇಂಬ್ರಿಡ್ಜಿನಲ್ಲಿ ಫುಟ್‌ಲೈಟ್ಸ್ ಅಂತ ವಿದ್ಯಾರ್ಥಿಗಳ ಹಾಸ್ಯ ತಂಡ ಇದೆ, 1883ರಲ್ಲಿ ಶುರುವಾಗಿದ್ದು. ಅಲ್ಲಿಂದ ಬಂದು ಆಮೇಲೆ ಹಾಸ್ಯನಟರಾಗಿ ಹೆಸರು ಮಾಡಿದವರಲ್ಲಿ ಜಾನ್ ಕ್ಲೀಸ್ ಓದುತ್ತಿದ್ದದ್ದು ಕಾನೂನು, ಗ್ರಹಾಂ ಚಾಪ್‌ಮನ್ ಓದುತ್ತಿದ್ದದ್ದು ಮೆಡಿಸಿನ್. (ಹಾಗಂತ ನೀನು ಡಿಗ್ರಿ ಬಿಟ್ಟು ಕಾಮಿಡಿ ಮಾಡ್ತೀನಿ ಅಂದರೆ ನಿಮ್ಮಪ್ಪನಿಗೆ ನೀನೇ ಹೇಳಬೇಕು, ನಾನಂತೂ ಮಧ್ಯೆ ಬರಲ್ಲ.)

ಮಾಡುವುದರ ಜೊತೆಗೆ ನೋಡುವುದಕ್ಕೂ ಸ್ವಲ್ಪ ಹೊತ್ತು ಇಡು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ 1683ರಲ್ಲಿ ಬಾಗಿಲು ತೆರೆದಿದ್ದು, ಒಂದು ಯೂನಿವರ್ಸಿಟಿಯ ಆಸ್ತಿಯಾಗಿ. ಶಾಂತಿನಿಕೇತನದ ಕಲಾಭವನದಲ್ಲಿ ರಾಮಕಿಂಕರ್ ಬೈಜ್ 1938ರಲ್ಲಿ ಸಂತಾಲ ಬುಡಕಟ್ಟಿನ ಒಂದು ಕುಟುಂಬದ ಶಿಲ್ಪ ಮಾಡಿದರು. ಕಂಚಿನದ್ದಲ್ಲ, ಅಮೃತಶಿಲೆಯದ್ದಲ್ಲ. ಸಿಮೆಂಟು, ಕೆಂಪು ಮುರಕಲ್ಲಿನ ಜಲ್ಲಿ. ಗಂಡ, ಹೆಂಡತಿ, ಮಕ್ಕಳು, ಒಂದು ನಾಯಿ, ಇರುವಷ್ಟು ಸಾಮಾನು ಹೊತ್ತು ಎಲ್ಲಿಗೋ ಹೊರಟಿದ್ದಾರೆ. ರಾಜರಲ್ಲ, ದೇವರಲ್ಲ, ದುಡಿಯುವ ಜನ, ಆಳೆತ್ತರಕ್ಕಿಂತ ದೊಡ್ಡದಾಗಿ, ಬಯಲಿನಲ್ಲಿ, ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲೇ. ಪ್ರತಿದಿನ ಕ್ಲಾಸಿಗೆ ಓಡುವಾಗ ಅದರ ಪಕ್ಕದಲ್ಲೇ ಹಾದು ಹೋಗುತ್ತಾ ಒಮ್ಮೆಯೂ ನಿಲ್ಲದವರು ಎಷ್ಟು ಜನ ಇರಬಹುದು ಅಂತ ಯೋಚಿಸುತ್ತಿರುತ್ತೇನೆ. ನಿನ್ನ ಕ್ಯಾಂಪಸ್ಸಿನಲ್ಲೂ ಏನಾದರೂ ಇದ್ದೇ ಇರುತ್ತದೆ. ಗೋಡೆಯ ಮೇಲಿನ ಚಿತ್ರ, ಲೈಬ್ರರಿಯ ಮೂಲೆಯಲ್ಲಿ ಹಸ್ತಪ್ರತಿಗಳ ಕೋಣೆ, ಮ್ಯೂಸಿಕ್ ಡಿಪಾರ್ಟ್‌ಮೆಂಟಿನ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಮಾಡುವ ಸಂಗೀತ ಕಛೇರಿ. ಅದಕ್ಕಂತೂ ಕೇಳಲು ಯಾರೂ ಬರುವುದಿಲ್ಲ ಪಾಪ, ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೂ ಅವರಿಗೆ ಖುಷಿ.

ಫೆಸ್ಟ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ದುಡ್ಡು ಕೊಟ್ಟು ಹೊರಗಿನಿಂದ ಸ್ಟಾರ್ ಗಾಯಕರನ್ನು ಕರೆಸುತ್ತಾರೆ, ವಿದ್ಯಾರ್ಥಿಗಳು ಬ್ಯಾರಿಕೇಡ್ ಹಿಡಿದು ನಿಲ್ಲುತ್ತಾರೆ. ಗಲಾಟೆ ಮಜಾ ಇರುತ್ತದೆ, ಹೋಗಿ ಬಾ. ಸ್ಪರ್ಧೆಗಳೂ ಹಾಗೇ, ಹದಿನೈದು ನಿಮಿಷದ ಸ್ಕಿಟ್ಟಿಗೆ ಜಡ್ಜ್ ಮೆಚ್ಚಲಿ ಅಂತ ಎಲ್ಲರೂ ಕೊನೆಗೆ ಅಳುತ್ತಾರೆ. ಅದಕ್ಕಿಂತ ಇಪ್ಪತ್ತು ಜನ ಕೂತು ಸಿನಿಮಾ ನೋಡಿ, ಆಮೇಲೆ ಮೆಟ್ಟಿಲ ಮೇಲೆ ಅದರ ಬಗ್ಗೆ ಕಿತ್ತಾಡುವ ಫಿಲ್ಮ್ ಸೊಸೈಟಿ ಎಷ್ಟೋ ಮೇಲು.

ಎಲ್ಲದಕ್ಕೂ ಹೆಸರು ಕೊಡಬೇಡ. ಒಂದು ಸೆಮಿಸ್ಟರಿಗೆ ಒಂದು ನಾಟಕ ಸಾಕು. ಪ್ರದರ್ಶನದ ವಾರ ಓದು ಆಗುವುದಿಲ್ಲ, ಅಸೈನ್‌ಮೆಂಟ್ ಮೊದಲೇ ಮುಗಿಸಿಕೋ. ಹಳೇ ಸ್ಪಾಟ್‌ಲೈಟ್ ಇದ್ದರೆ ಹುಷಾರು, ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡ. ಏಣಿ ಹತ್ತುವಾಗ ಕೆಳಗೆ ಯಾರಾದರೂ ಹಿಡಿದಿರಲಿ. ರಾತ್ರಿ ತಡವಾದರೆ ನಾಲ್ಕು ಜನ ಒಟ್ಟಿಗೆ ಹಾಸ್ಟೆಲ್ಲಿಗೆ ಬನ್ನಿ.

ಆಡಿಷನ್ ನೋಟೀಸ್ ಹಾಕಿದಾಗ ಬ್ಯಾಕ್‌ಸ್ಟೇಜಿಗೂ ಜನ ಬೇಕು ಅಂತ ಕೆಳಗೆಲ್ಲೋ ಸಣ್ಣದಾಗಿ ಬರೆದಿರುತ್ತಾರೆ, ಬರೆಯದಿದ್ದರೂ ಹೋಗಿ ಕೇಳು. ಯಾವ ನಾಟಕ ಅಂತ ಗೊತ್ತಾದ ತಕ್ಷಣ ಸ್ಕ್ರಿಪ್ಟಿನ ಫೋಟೋ ಹೊಡೆದು ಕಳಿಸು. ಕ್ಯೂ ಶೀಟ್ ನೀನೇ ಮಾಡು, ನಾನು ಸುಮ್ನೆ ನೋಡ್ತೀನಿ ಅಷ್ಟೆ.

ಅಮ್ಮ