ಈ ಬೇಸಿಗೆಯ ಪುಡ್ಡಿಂಗ್‌ನಲ್ಲಿ ಗೋಡಂಬಿ ಇಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಓವನ್ ಮುಟ್ಟದೆ ಮಾಡುವ ನಮ್ಮ ತಣ್ಣನೆಯ ಹಣ್ಣಿನ ಪುಡ್ಡಿಂಗ್ ಈ ಬೇಸಿಗೆಯಲ್ಲೂ ಇದೆ. ಆದರೆ ಒಳಗಿರುವ ಸಾಮಗ್ರಿ ಬದಲಾಗಿದೆ. ಡಬ್ಬಿ ನೋಡಲು ಹೋದ ವರ್ಷದ ಹಾಗೇ ಇರುವುದರಿಂದ, ತೆರೆಯುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ಹೋದ ವರ್ಷ, ಹಾಲು ಒಗ್ಗದವರಿಗೆ ಅಂತ ಕ್ರೀಮ್ ಬಿಟ್ಟು ನೆನೆಸಿ ರುಬ್ಬಿದ ಗೋಡಂಬಿ ಹಾಕಿದೆವು. ರುಚಿ ಚೆನ್ನಾಗಿತ್ತು, ನಾವೂ ಬೀಗಿದೆವು. ಆಮೇಲೆ ಒಬ್ಬರು ಬಂದು ಕೇಳಿದರು: "ಮಗಳಿಗೆ ಹಾಲು ಆಗಲ್ಲ ಅಂತ ನಿಮ್ಮ ಹತ್ರ ಬಂದೆ. ಗೋಡಂಬಿಯೂ ಆಗಲ್ವಲ್ಲ, ಈಗೇನು ಮಾಡ್ಲಿ?" ನಮ್ಮ ಬಳಿ ಉತ್ತರ ಇರಲಿಲ್ಲ.

ಈಗ ಗೋಡಂಬಿಯ ಜಾಗಕ್ಕೆ ತೆಂಗಿನ ಹಾಲು ಬಂದಿದೆ. ಅದರಲ್ಲಿರುವ ಕೊಬ್ಬು ತಣ್ಣಗಾದಾಗ ತಾನಾಗಿಯೇ ಗಟ್ಟಿಯಾಗುತ್ತದೆ, ಕ್ರೀಮ್ ಇಲ್ಲದ್ದು ಗೊತ್ತೇ ಆಗುವುದಿಲ್ಲ. ಮೊದಲು ಸುಲಭ ಅಂತ ತೆಂಗಿನ ಹಾಲಿನ ಪುಡಿ ತಂದಿದ್ದೆವು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಸೋಡಿಯಂ ಕೇಸಿನೇಟ್' ಅಂತ ಬರೆದಿತ್ತು. ಅದು ಹಾಲಿನದೇ ಪ್ರೋಟೀನ್! ಎಲ್ಲ ಪುಡಿಗಳಲ್ಲೂ ಇರುವುದಿಲ್ಲ, ಆದರೂ ನೀವು ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ.

ಪುಡ್ಡಿಂಗ್ ಗಟ್ಟಿಯಾಗಲು ಹಾಕುತ್ತಿದ್ದ ಜೆಲಟಿನ್ ಕೂಡ ಹೋಯಿತು, ಈಗ ಅಗರ್ ಅಗರ್. ಇದು ಸಮುದ್ರದ ಪಾಚಿಯಿಂದ ಬರುವಂಥದ್ದು. ಹಸಿ ಅನಾನಸ್ ಹಾಕಿದರೆ ಜೆಲಟಿನ್ ಗಟ್ಟಿಯಾಗುವುದೇ ಇಲ್ಲ, ಹಣ್ಣಿನಲ್ಲಿರುವ ಕಿಣ್ವ ಅದರ ಪ್ರೋಟೀನನ್ನು ಕತ್ತರಿಸಿಬಿಡುತ್ತದೆ. ಅಗರ್‌ಗೆ ಆ ತೊಂದರೆ ಇಲ್ಲ. ಆದರೆ ಜೆಲಟಿನ್ ಬಾಯಿಯ ಬಿಸಿಗೆ ಕರಗುತ್ತದೆ, ಅಗರ್ ಕರಗುವುದಿಲ್ಲ. ಅದು ಕರಗಬೇಕಾದರೆ ಸುಮಾರು 85 ಡಿಗ್ರಿ ಬಿಸಿ ಬೇಕು. ಹಾಗಾಗಿ ನಾಲಿಗೆಗೆ ಸ್ವಲ್ಪ ಬೇರೆ ಅನ್ನಿಸಬಹುದು. ನಮಗಂತೂ ಎರಡನೇ ಚಮಚಕ್ಕೆ ಅಭ್ಯಾಸವಾಯಿತು.

ತಳದಲ್ಲಿದ್ದ ಗೋಧಿ ಬಿಸ್ಕತ್ತು, ಬೆಣ್ಣೆ ಎರಡೂ ಇಲ್ಲ. ಹುರಿದ ಸೂರ್ಯಕಾಂತಿ ಬೀಜ, ಕೊಬ್ಬರಿ ತುರಿ, ಸ್ವಲ್ಪ ಸಕ್ಕರೆ ಸೇರಿಸಿ ಕೊಬ್ಬರಿ ಎಣ್ಣೆಯಲ್ಲಿ ಒತ್ತಿದ್ದೇವೆ. ಓಟ್ಸ್ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರಬಹುದು ಅನ್ನುವ ಭಯಕ್ಕೆ ಬಿಟ್ಟೆವು. ಒಂದು ಕೊರತೆ ಹೇಳಲೇಬೇಕು: ಕೊಬ್ಬರಿ ಎಣ್ಣೆ ಸುಮಾರು 25 ಡಿಗ್ರಿಗೇ ಕರಗುತ್ತದೆ. ಫ್ರಿಜ್‌ನಿಂದ ತೆಗೆದು ಮೇಜಿನ ಮೇಲಿಟ್ಟು ಮಾತಿಗೆ ಕೂತರೆ ತಳ ಪುಡಿಪುಡಿಯಾಗುತ್ತದೆ. ತೆಗೆದ ತಕ್ಷಣ ತಿನ್ನಿ.

ಹಣ್ಣಿನ ವಿಷಯ. ಮಾವಿನಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆ ಜಾಸ್ತಿ. ಅದು ಹೊಟ್ಟೆಗೆ ಆಗದವರು ಅನಾನಸ್‌ನದನ್ನು ತೆಗೆದುಕೊಳ್ಳಿ.

ದಯವಿಟ್ಟು ಇದನ್ನು ಗಮನಿಸಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಮೊದಲನೆಯದರಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗುವುದಿಲ್ಲ, ಸ್ವಲ್ಪ ಕುಡಿದರೆ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಅಲರ್ಜಿಯಲ್ಲಿ ಒಂದು ತೊಟ್ಟೂ ಅಪಾಯ. ನಾವು ಮಿಕ್ಸಿ, ಪಾತ್ರೆ ಹೊಸದು ತಂದಿದ್ದೇವೆ. ಆದರೆ ಅಡುಗೆಮನೆ ಒಂದೇ, ಅದರಲ್ಲೇ ಹಾಲು, ಗೋಧಿ, ಗೋಡಂಬಿಯ ಬೇರೆ ತಿನಿಸುಗಳೂ ಆಗುತ್ತವೆ. ಜೋರು ಅಲರ್ಜಿ ಇರುವವರಿಗೆ ನಮ್ಮ ಪುಡ್ಡಿಂಗ್ ಬೇಡ. ವ್ಯಾಪಾರ ಹೋದರೂ ಪರವಾಗಿಲ್ಲ.

ಅಂಥವರು ಮನೆಯಲ್ಲೇ ಮಾಡಿಕೊಳ್ಳಬಹುದು, ನಮ್ಮಲ್ಲಿ ಗುಟ್ಟೇನೂ ಇಲ್ಲ. 400 ಮಿಲಿ ತೆಂಗಿನ ಹಾಲಿಗೆ 4 ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ಅಗರ್ ಪುಡಿ. ಪುಡಿಯನ್ನು ತಣ್ಣನೆಯ ಹಾಲಿಗೇ ಕಲಸಿ, ಕೈಯಾಡಿಸುತ್ತಾ ಕುದಿಸಿ, ಎರಡು ನಿಮಿಷ ಬಿಡಿ. ಇಳಿಸಿ, ಅರ್ಧ ಕಪ್ ರುಬ್ಬಿದ ಹಣ್ಣು ಸೇರಿಸಿ. ಹಣ್ಣು ಫ್ರಿಜ್‌ನಿಂದ ನೇರವಾಗಿ ಬಂದಿದ್ದರೆ ಅಗರ್ ಅಲ್ಲೇ ಗಂಟು ಕಟ್ಟುತ್ತದೆ. ನಮ್ಮದೊಂದು ಪಾತ್ರೆ ಪೂರ್ತಿ ಹಾಗೇ ಹಾಳಾಯಿತು. ಬಟ್ಟಲಿಗೆ ಸುರಿದು, ಬಿಸಿ ಆರಿದ ಮೇಲೆ ಎರಡು ಗಂಟೆ ಫ್ರಿಜ್‌ನಲ್ಲಿಡಿ.

ಗೋಡಂಬಿಯದೇ ಚೆನ್ನಾಗಿತ್ತು ಅನ್ನುವವರೂ ಇದ್ದೀರಿ, ಗೊತ್ತು. ಕೇಳಿದರೆ ಆ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಡುತ್ತೇವೆ.

ಇಂತಿ,
ಪುಡ್ಡಿಂಗ್ ಮಾಡುವ ನಾವು ನಾಲ್ವರು