ಅಜ್ಜಿ ಹಾಡಿನ ಹೋಮ್‌ವರ್ಕ್: ಏಳನೇ ತರಗತಿ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಹೋಮ್‌ವರ್ಕ್ ಬಗ್ಗೆ ಹೋದ ವಾರದಿಂದ ನಡೆಯುತ್ತಿರುವ ಮಾತು ನನ್ನ ಕಿವಿಗೂ ಬಿದ್ದಿದೆ. ಇಬ್ಬರು ನೇರವಾಗಿ ಶಾಲೆಗೇ ಬಂದರು. ಸಿಟ್ಟಿನಲ್ಲೇ ಬಂದರು, ಕಾಫಿ ಕುಡಿದು ಹೋದರು. ಉಳಿದವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. ಮನೆಯ ಹಿರಿಯರಿಂದ ಒಂದು ಪದ, ಅಂದರೆ ಹಳೆಯ ಹಾಡು, ಕಲಿತು ಬನ್ನಿ ಅಂತ ಮಕ್ಕಳಿಗೆ ಹೇಳಿದ್ದೆವು. ಬಂದ ಹಾಡುಗಳಲ್ಲಿ ಏಳು ಒಂದೇ ಹಾಡು. ಏಳು ಮನೆಯ ಏಳು ಅಜ್ಜಿಯರು, ಎರಡನೇ ಸಾಲಿನ ಅದೇ ತಪ್ಪಿನ ಸಮೇತ! ಯೂಟ್ಯೂಬಿನಲ್ಲಿ ಹುಡುಕಿದರೆ ಮೊದಲು ಸಿಗುವ ವಿಡಿಯೋ ಅದು. ಕನ್ನಡ ಟೀಚರ್ ಅಂಕ ಕೊಡಲಿಲ್ಲ, ಮತ್ತೆ ಕಲಿತು ಬನ್ನಿ ಅಂದರು. ಯಾರನ್ನೂ ಬೈಯಲಿಲ್ಲ, ನಿಲ್ಲಿಸಲಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಈ ಹಾಡಿಗಾಗಿ ಗಣಿತದ ಪೀರಿಯಡ್ ಹೋಯಿತು ಅನ್ನೋದು ಸುಮ್ನೆ ಹಬ್ಬಿದ ಮಾತು. ಇದು ಶನಿವಾರದ ಕೊನೆಯ ಪೀರಿಯಡ್, ಮೊದಲಿನಿಂದಲೂ ಪಾಠ ಇಲ್ಲದ್ದು.

ಈಗ ನೀವು ಜಾಸ್ತಿ ಕೇಳಿದ ಪ್ರಶ್ನೆ: ವಿಡಿಯೋ ನೋಡಿ ಕಲಿತರೆ ಏನು ತಪ್ಪು, ಹಾಡು ಹಾಡೇ ಅಲ್ವಾ? ತಪ್ಪೇನಿಲ್ಲ. ಆದರೆ ನಾವು ಕೇಳಿದ್ದು ಅದಲ್ಲ. ಹೋದ ತಿಂಗಳು ಒಬ್ಬ ಹುಡುಗಿಯ ಅಜ್ಜಿ ತರಗತಿಗೆ ಬಂದಿದ್ದರು. ಕುರ್ಚಿ ಹಾಕಿ ಕೂರಿಸಿ, ಬೀಸುವ ಪದ ಹೇಳಿ ಅಂದೆವು. ಒಂದು ಸಾಲು ಬಂತು, ಮುಂದಿನದು ಬರಲಿಲ್ಲ. "ಮರ್ತೋಯ್ತು ಬಿಡಿ" ಅಂದರು. ಆಮೇಲೆ ತಾವಾಗಿಯೇ ಕೆಳಗೆ ಕೂತು, ಒಂದು ಕಾಲು ಚಾಚಿ, ಬೀಸುಕಲ್ಲಿನ ಗೂಟ ಹಿಡಿದವರ ಹಾಗೆ ಬರಿಗೈ ತಿರುಗಿಸತೊಡಗಿದರು. ಪದ ಬಂತು. ಒಂದರ ಹಿಂದೆ ಒಂದು ಬಂತು, ಬೆಲ್ ಹೊಡೆದರೂ ನಿಲ್ಲಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ "ಕೈ ಯಾಕೆ ತಿರುಗಿಸ್ತೀರಾ?" ಅಂದ. ಅಲ್ಲಿಂದ ರಾಗಿ ಬೀಸುವ ವಿಷಯ ಬಂತು, ಕೋಳಿ ಕೂಗುವ ಮುಂಚೆ ಏಳುತ್ತಿದ್ದ ಸೊಸೆಯಂದಿರ ವಿಷಯ ಬಂತು, ತವರಿನ ನೆನಪನ್ನು ಬಾಯಿಬಿಟ್ಟು ಹೇಳಲಾಗದೆ ಹಾಡಿನಲ್ಲಿ ಹೇಳಿಕೊಳ್ಳುತ್ತಿದ್ದದ್ದೂ ಬಂತು. ವಿಡಿಯೋಗೆ ಆ ಹುಡುಗ ಈ ಪ್ರಶ್ನೆ ಕೇಳೋಕೆ ಆಗ್ತಿತ್ತಾ?

ರೆಕಾರ್ಡಿಂಗೇ ಬೇಡ ಅನ್ನುತ್ತಿಲ್ಲ. ಕಲಿತ ಮೇಲೆ ಖಂಡಿತ ರೆಕಾರ್ಡ್ ಮಾಡಿ, ಬರೆದಿಡಿ. ಮಧುರಚೆನ್ನರೂ ಅವರ ಜೊತೆಯವರೂ ಸೇರಿದ್ದ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರನ್ನು ಕೇಳಿ ಬರೆದುಕೊಂಡಿದ್ದರಿಂದಲೇ ಎಷ್ಟೋ ತ್ರಿಪದಿ, ಅಂದರೆ ಮೂರು ಸಾಲಿನ ಪದ, ಇವತ್ತು ನಮ್ಮ ಕೈಗೆ ಸಿಕ್ಕಿವೆ. ಆದರೆ ಅವರು ಮೊದಲು ಹೋಗಿ ಕೂತು ಕೇಳಿದರು. ಅಂಕೋಲಾ ಕಡೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹಾಲಕ್ಕಿ ಸಮುದಾಯದ ಹಾಡುಗಳ ದೊಡ್ಡ ಭಂಡಾರವೇ ಅವರ ಬಾಯಲ್ಲಿತ್ತು. 2025ರಲ್ಲಿ ತೀರಿಕೊಂಡರು. ಅವರ ದನಿ ರೆಕಾರ್ಡ್ ಆಗಿ ಉಳಿದಿದೆ, ಆದರೆ ಅವರಿಂದ ಕಲಿತವರ ಬಾಯಲ್ಲಿ ಮಾತ್ರ ಆ ಹಾಡಿಗೆ ಹೊಸ ಸಾಲು ಹುಟ್ಟುತ್ತದೆ. ನಿಮ್ಮ ಮನೆಯ ಅಜ್ಜಿಗೆ ಪದ್ಮಶ್ರೀ ಬಂದಿರಲಿಕ್ಕಿಲ್ಲ. ಅವರನ್ನು ಕೇಳೋಕೆ ಬೇರೆ ಯಾರೂ ಬರಲ್ಲ, ಮೊಮ್ಮಗುವೇ ಕೇಳಬೇಕು.

ಪ್ರತಿಭಾ ಕಾರಂಜಿಗೆ ತಯಾರಿ ಮಾಡಿಸಿದರೆ ಸಾಕಲ್ವಾ ಅಂತ ಒಬ್ಬರು ಬರೆದಿದ್ದರು. ಮಾಡಿಸುತ್ತೇವೆ. ಆದರೆ ಸ್ಪರ್ಧೆ ಅಂದ ಕೂಡಲೇ ಎಲ್ಲರೂ ಬಹುಮಾನ ಬರುವ ಆ ನಾಲ್ಕೈದು ಹಾಡಿಗೇ ಜೋತುಬೀಳುತ್ತಾರೆ.

"ಮಗು ಶಾಲೆಯಿಂದ ಓಗು, ಬ್ಯಾಡ ಅಂತ ಕಲಿತು ಬರ್ತಿದೆ" ಅನ್ನುವ ದೂರೂ ಇದೆ. ಪರೀಕ್ಷೆಗೆ ಶುದ್ಧವಾಗಿ ಬರೆಸುವುದು ನಮ್ಮ ಜವಾಬ್ದಾರಿ, ಅದರಲ್ಲಿ ರಾಜಿ ಇಲ್ಲ. ಹಾಗಂತ ತಮ್ಮ ಅಜ್ಜಿ ಆಡುವ ಮಾತೇ ತಪ್ಪು ಅಂತ ಮಕ್ಕಳು ತಿಳಿಯುವುದು ನನಗೆ ಇಷ್ಟವಿಲ್ಲ, ನಿಮಗೂ ಇರಲಿಕ್ಕಿಲ್ಲ. ಇನ್ನು, ಹಳೆಯದೆಲ್ಲ ಒಳ್ಳೆಯದು ಅಂತ ನಾನೂ ನಂಬಿದವಳಲ್ಲ. ಹೆಣ್ಣು ಮಕ್ಕಳನ್ನು, ಇನ್ನೊಂದು ಜಾತಿಯನ್ನು ಹೀಗಳೆಯುವ ಗಾದೆಗಳೂ ಬರುತ್ತವೆ. ಬಂದರೆ ಮುಚ್ಚಿಡುವುದಿಲ್ಲ, ಅದು ಯಾಕೆ ತಪ್ಪು ಅಂತ ತರಗತಿಯಲ್ಲೇ ಮಾತಾಡುತ್ತೇವೆ.

ಕೆಲವರ ಮನೆಯಲ್ಲಿ ಹಿರಿಯರಿಲ್ಲ, ಕೆಲವರಿಗೆ ಸಂಜೆ ಏಳಕ್ಕೆ ಕೆಲಸ ಮುಗಿಯುತ್ತದೆ. ಗೊತ್ತಿದೆ. ಊರಿಗೆ ಫೋನ್ ಮಾಡಿ ಕೇಳಿದರೂ ಸರಿಯೇ, ಪಕ್ಕದ ಮನೆಯ ತಾತ ಆದರೂ ಸರಿಯೇ. ಹಾಡೇ ಆಗಬೇಕಿಲ್ಲ, ಒಂದು ಒಗಟಾದರೂ ಸಾಕು. ಅಂಕಕ್ಕೂ ತಲೆಬಿಸಿ ಬೇಡ, ಮತ್ತೆ ಕಲಿತು ಬಂದವರಿಗೆ ಪೂರ್ತಿ ಅಂಕ ಸಿಗುತ್ತದೆ. ವಿಡಿಯೋ ನೋಡಿ ತಂದದ್ದನ್ನು ಮಾತ್ರ ಇನ್ನು ಮುಂದೆಯೂ ತೆಗೆದುಕೊಳ್ಳುವುದಿಲ್ಲ.

ಈ ಭಾನುವಾರ ಮಗುವನ್ನು ಒಬ್ಬ ಹಿರಿಯರ ಹತ್ತಿರ ಅರ್ಧ ಗಂಟೆ ಕೂರಲು ಬಿಡಿ.

ತರಗತಿಗೆ ಬರಲು ಒಪ್ಪುವ ಹಿರಿಯರಿದ್ದರೆ ಡೈರಿಯಲ್ಲಿ ಬರೆದು ಕಳಿಸಿ. ಮೆಟ್ಟಿಲು ಹತ್ತಬೇಕಿಲ್ಲ, ಕೆಳಗಿನ ಕೋಣೆಯಲ್ಲೇ ವ್ಯವಸ್ಥೆ ಮಾಡಿದ್ದೇವೆ, ಚಾಪೆಯೂ ಹಾಸಿರುತ್ತೇವೆ.

ನಿಮ್ಮ,
ಮುಖ್ಯ ಶಿಕ್ಷಕಿ